ನೆರಳಿನ ತೆರಿಗೆ

ಫ್ರಾನ್ಸ್ ದೇಶದ ವಾಲ್‌ಬ್ರೂನ್ ಎಂಬ ಊರಲ್ಲಿ ಎತಿಯೆನ್ ಮೊರ್ವಾಲ್ ಎಂಬ ಕಾದಂಬರಿಕಾರನಿದ್ದ. ದೊಡ್ಡವರನ್ನು ಗೇಲಿ ಮಾಡಿ ಬರೆದು ಎರಡು ಸಲ ಸೆರೆಮನೆ ನೋಡಿದ್ದ. ಬರೆಯಲು ಪುರುಸೊತ್ತು ಸಿಕ್ಕಿತೆಂದು ಖುಷಿಯಾಗಿಯೇ ಹೊರಬಂದಿದ್ದ.

ಅವನ ಹೊಸ ಕಾದಂಬರಿಯಲ್ಲಿ ಒಬ್ಬ ಪೆದ್ದು ಪ್ರಭು. ತನ್ನ ಕೋಟೆಯ ನೆರಳು ಸಂತೆಯ ಮೇಲೆ ಬೀಳುತ್ತದೆಂದು, ಅಲ್ಲಿ ಕೂತವರಿಂದೆಲ್ಲ ತೆರಿಗೆ ಕೀಳುತ್ತಾನೆ. ಊರೆಲ್ಲ ಓದಿ ಹೊಟ್ಟೆ ಹಿಡಿದು ನಕ್ಕಿತು. ಯಾಕೆಂದರೆ ಆ ಊರಿನ ಪ್ರಭು ಗೋಂತ್ರಾನ್ ಮಾಡುತ್ತಿದ್ದುದೂ ಅದನ್ನೇ!

ಗೋಂತ್ರಾನ್ ಕೆಂಡಾಮಂಡಲನಾದ. ರಾಜನ ಅಧಿಕಾರಿಯೊಬ್ಬರು ಆಗ ಊರಿಗೆ ಬಂದಿದ್ದರು. ಕೋಪದಲ್ಲಿ ಹಿಂದುಮುಂದು ನೋಡದೆ ಅವರನ್ನೇ ನ್ಯಾಯಪೀಠದಲ್ಲಿ ಕೂರಿಸಿ, ಊರವರ ಎದುರಿಗೆ ಮೊರ್ವಾಲ್‌ನನ್ನು ಎಳೆತರಿಸಿದ.

"ಈ ಪುಸ್ತಕದ ಪೆದ್ದ ನಾನೇ! ನನ್ನ ಮಾನ ಕಳೆದಿದ್ದಾನೆ. ಇವನ ಬಲಗೈ ಕತ್ತರಿಸಿ!"

ಮೊರ್ವಾಲ್ ತನ್ನ ಬಲಗೈ ನೋಡಿಕೊಂಡ. ಸೆರೆಮನೆಯಾದರೆ ಸರಿ, ಕೈಯೇ ಹೋದರೆ? ಅವನ ಕಣ್ಣು ಅಧಿಕಾರಿಯ ಮೇಲೆ ಬಿತ್ತು. ಟೊಪ್ಪಿ ತೆಗೆದು ಬಾಗಿದ.

"ತಪ್ಪಾಗಿದ್ದರೆ ಕೈಯನ್ನು ನಾನೇ ಚಾಚುತ್ತೇನೆ ಪ್ರಭು. ಆದರೆ ಅವನು ತಾವೇ ಎಂದು ಖಚಿತವಾಗಬೇಕಲ್ಲ! ನನ್ನ ಕಥೆಯವನು ನೆರಳಿಗೆ ತೆರಿಗೆ ಹಾಕುತ್ತಾನೆ. ತಾವೂ ಹಾಕುತ್ತೀರಾ?"

ಅಧಿಕಾರಿ ತಟ್ಟನೆ ತಲೆಯೆತ್ತಿದರು. ರಾಜನ ಅಪ್ಪಣೆಯಿಲ್ಲದೆ ತೆರಿಗೆ ಎತ್ತಿದವರ ಗತಿ ಏನೆಂದು ಗೋಂತ್ರಾನನಿಗೆ ಚೆನ್ನಾಗಿ ಗೊತ್ತಿತ್ತು.

"ಛೆ ಛೆ! ನಾನ್ಯಾಕೆ ಹಾಕಲಿ?"

"ಅವನು ಮೋಡ ಕವಿದ ದಿನವೂ ಬಿಡುವುದಿಲ್ಲ. ಇವತ್ತು ಊರಿಗೆಲ್ಲ ನೆರಳಾಯಿತೆಂದು ಮನೆಮನೆಯಿಂದ ವಸೂಲಿ ಮಾಡುತ್ತಾನೆ. ತಾವು?"

"ಇಲ್ಲವೇ ಇಲ್ಲ!"

"ಅವನು ಶುದ್ಧ ಪೆದ್ದ. ತಾವು?"

"ಯಾವನೋ ನನ್ನನ್ನು ಪೆದ್ದ ಅಂದವನು?"

"ತಾವೇ ಪ್ರಭು, ಈಗಷ್ಟೇ."

ಜನ ಗೊಳ್ಳೆಂದರು. ಅಧಿಕಾರಿ ಮೀಸೆಯಡಿ ನಗು ಅಡಗಿಸಿ, "ಹಾಗಾದರೆ ಇವನು ಬರೆದದ್ದು ನಿಮ್ಮನ್ನಲ್ಲ. ಬಿಟ್ಟುಬಿಡಿ," ಎಂದರು.

ಮೊಟ್ಟೆ ಮಾರುವ ಮುದುಕಿ ಪೆರಿನ್ ಗುಂಪಿನಿಂದ ಕೂಗಿದಳು: "ಸ್ವಾಮಿ, ನಾಳೆಯಿಂದ ನಾವು ನೆರಳಲ್ಲಿ ಸುಮ್ಮನೆ ಕೂರಬಹುದಾ?"

"ಇಲ್ಲದ ತೆರಿಗೆಯನ್ನು ಯಾರು ಕೇಳುತ್ತಾರಮ್ಮ?" ಎಂದು ಅಧಿಕಾರಿ ಗೋಂತ್ರಾನನನ್ನೇ ನೋಡಿದರು. ಯಾರೂ ಕೇಳುವುದಿಲ್ಲವೆಂದು ಅವನು ತಲೆಯಾಡಿಸಲೇಬೇಕಾಯಿತು.

ಸಭೆ ಚದುರುವಾಗ ಗೋಂತ್ರಾನ್ ಮೊರ್ವಾಲ್‌ನ ಹತ್ತಿರ ಬಂದು ಹಲ್ಲು ಕಡಿದ. "ಮುಂದಿನ ಪುಸ್ತಕದಲ್ಲಾದರೂ ಆ ಪ್ರಭುವಿಗೆ ಬುದ್ಧಿ ಬಂತು ಅಂತ ಬರಿ!"

ಮೊರ್ವಾಲ್ ಟೊಪ್ಪಿ ತಲೆಗೇರಿಸಿದ.

"ಕ್ಷಮಿಸಬೇಕು ಪ್ರಭು, ನಾನು ಬರೆಯುವುದು ಕಾದಂಬರಿ. ಪವಾಡ ಬೇಕಾದರೆ ಪಾದ್ರಿಗಳ ಹತ್ತಿರ ಬರೆಸಿಕೊಳ್ಳಿ."