ತಿರುವಿನ ಸೈಕಲಮ್ಮ

"ಗುರುಗಳೇ, ದಿನವೂ ಎಲ್ಲರಿಗಿಂತ ಮೊದಲು ಬಂದು ನಿಮ್ಮ ಕಾಲಿಗೆ ಬೀಳುವವನು ನಾನು. ಹೂ ಬಾಡುವ ಮೊದಲೇ ಹಾರ ತಂದು ಒಪ್ಪಿಸುತ್ತೇನೆ. ಆದರೂ ನನ್ನನ್ನು ಕಂಡರೆ ನಿಮ್ಮ ಮುಖದಲ್ಲಿ ಸಮಾಧಾನ ಕಾಣುವುದಿಲ್ಲ. ನನ್ನ ಭಕ್ತಿಯಲ್ಲಿ ಏನು ಕೊರತೆ?"

ಕೇಳಿದವನು ಗುರುಶಾಂತ. ಹೊಸದಾಗಿ ಪೇಟೆಗೆ ಬಂದು ಬಟ್ಟೆ ಅಂಗಡಿ ಇಟ್ಟವನು. ಅಂಗಡಿ ತೆರೆಯುವ ಮೊದಲು, ಒಂಬತ್ತೂವರೆಯ ಹೊತ್ತಿಗೆ, ಮೋಟಾರ್ ಬೈಕಿನಲ್ಲಿ ಮಠಕ್ಕೆ ಬಂದು ಹೋಗುತ್ತಿದ್ದ. ಅವನು ಬರುತ್ತಿದ್ದಾನೆಂದು ಅವನಿಗಿಂತ ಮೊದಲು ಅವನ ಹಾರ್ನ್ ಬಂದು ಹೇಳುತ್ತಿತ್ತು.

ಗುರುಗಳು ಹಾರವನ್ನು ಪಕ್ಕಕ್ಕಿಟ್ಟರು.

"ಕೂತುಕೋ. ಅಂಗಡಿ ಒಂದು ಗಳಿಗೆ ತಡವಾಗಿ ತೆರೆದರೆ ಸೀರೆಗಳೇನು ಎದ್ದು ಹೋಗುವುದಿಲ್ಲ," ಎಂದರು.

ಗುರುಶಾಂತ ಕೂತ. ಗುರುಗಳು ಹೇಳಿದರು.

ಒಂದು ಊರು. ಊರಿನ ಮೇಲೆ ಕಲ್ಲು ಕ್ವಾರಿ, ಊರಿನ ಕೆಳಗೆ ಹೈಸ್ಕೂಲು. ಎರಡಕ್ಕೂ ಒಂದೇ ರಸ್ತೆ. ಬೆಳಿಗ್ಗೆ ಜಲ್ಲಿ ತುಂಬಿದ ಲಾರಿಗಳೂ ಹುಡುಗಿಯರ ಸೈಕಲ್ಲುಗಳೂ ಒಂದೇ ಹೊತ್ತಿಗೆ ಇಳಿಯುತ್ತಿದ್ದವು. ಊರು ದಾಟಿದೊಡನೆ ಒಂದು ತಿರುವು. ಎದುರಿನಿಂದ ಯಾರು ಬರುತ್ತಿದ್ದಾರೆಂದು ಅಲ್ಲಿ ಕಾಣುವುದಿಲ್ಲ.

ಆ ಊರಿನಲ್ಲಿ ಬಟ್ಟೆ ಹೊಲಿಯುವ ಒಬ್ಬ ಹೆಂಗಸಿದ್ದಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಒಂದು ಬೆಳಿಗ್ಗೆ ಆ ತಿರುವಿನಲ್ಲಿ ದೊಡ್ಡವಳ ಸೈಕಲ್ಲಿಗೆ ಲಾರಿ ಗುದ್ದಿತು. ಅವಳು ಉಳಿಯಲಿಲ್ಲ. ಹದಿನೈದು ದಿನ ಕಳೆದ ಮೇಲೆ ಚಿಕ್ಕವಳು ಅದೇ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಶಾಲೆಗೆ ಹೋದಳು. ಬೇರೆ ರಸ್ತೆ ಇರಲಿಲ್ಲ. ತಾಯಿ ಬಾಗಿಲಲ್ಲಿ ನಿಂತು, ಅವಳು ಕಣ್ಮರೆಯಾಗುವವರೆಗೂ ನೋಡಿದಳು. ಆಮೇಲೆ ಸಂಜೆಯವರೆಗೆ ಅವಳು ಹೊಲಿದದ್ದೆಲ್ಲ ಸೊಟ್ಟ.

ಊರಿನಲ್ಲಿ ಸೈಕಲ್ ತುಳಿಯುವವರೆಲ್ಲ ಸೇರಿ ಒಂದು ಕೂಟ ಕಟ್ಟಿದರು. ಅಂಚೆಯವನು, ಹಾಲಿನವನು, ಸೈಕಲ್ ರಿಪೇರಿಯವನು, ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಅಕ್ಷರ ಚೆನ್ನಾಗಿದ್ದುದರಿಂದ ಮೇಷ್ಟ್ರು ಅಧ್ಯಕ್ಷರಾದರು. ಅವರೇ ಅರ್ಜಿ ಬರೆದರು. ತಿರುವಿನ ಎರಡೂ ಕಡೆ ಹಂಪ್ ಹಾಕಿಸಿ. ರಸ್ತೆಯ ಅಂಚಿನಲ್ಲಿ ಬಿಳಿ ಗೆರೆ ಎಳೆದು ಸೈಕಲ್ಲಿಗೆ ಎರಡು ಮೊಳ ಜಾಗ ಬಿಡಿ. ಶಾಲೆಯ ಹೊತ್ತಿಗೆ ಲಾರಿ ತಡೆಯಿರಿ.

ತಾಲ್ಲೂಕು ಕಚೇರಿಯವರು ಅರ್ಜಿ ತೆಗೆದುಕೊಂಡು "ನೋಡೋಣ" ಎಂದರು. ಮುಂದಿನ ತಿಂಗಳು ಹೋದಾಗಲೂ ನೋಡುತ್ತಲೇ ಇದ್ದರು.

ಆಗ ಸೈಕಲ್ ರಿಪೇರಿಯವನು ಹೊಲಿಗೆಯವಳ ಮನೆಗೆ ಬಂದ.

"ಅಕ್ಕಾ, ಕಾಗದ ಯಾರೂ ಓದಲ್ಲ. ಕಣ್ಣಿಗೆ ಹೊಡೆಯೋ ಹಾಗೆ ಏನಾದ್ರೂ ಇಡಬೇಕು. ದೊಡ್ಡೋಳ ಸೈಕಲ್ ಕೊಡ್ತೀಯಾ?"

ಅವಳು ಕೊಟ್ಟಳು. ಅವನು ಅದಕ್ಕೆ ಬೇರೆ ಮುಂದಿನ ಚಕ್ರ ಹಾಕಿದ. ಹ್ಯಾಂಡಲ್ ನೆಟ್ಟಗೆ ಮಾಡಿದ. ಟೈರಿನಿಂದ ಸೀಟಿನವರೆಗೆ ಬಿಳಿ ಬಣ್ಣ ಬಳಿದ. ಬೆಲ್ಲಿಗೆ ಮಾತ್ರ ಬಳಿಯಲಿಲ್ಲ. ಬಣ್ಣ ಹತ್ತಿದರೆ ಅದು ಸದ್ದು ಮಾಡುವುದಿಲ್ಲ ಎಂದ. ಸೈಕಲ್ಲನ್ನು ತಿರುವಿನ ಎಡ ಅಂಚಿನಲ್ಲಿ ಒಂದು ಕಲ್ಲುಕಂಬಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿದ.

ಮೊದಲ ವಾರ ಲಾರಿಗಳು ನಿಧಾನವಾದವು. ಬಿಳಿ ಸೈಕಲ್ ಕಂಡೊಡನೆ ಚಾಲಕರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಅದು ಭಯ. ಆ ಭಯದಿಂದ ಊರಿಗೆ ಉಪಕಾರವೇ ಆಯಿತು.

ಎರಡನೆಯ ವಾರ ಒಬ್ಬ ಚಾಲಕ ಲಾರಿ ನಿಲ್ಲಿಸಿ, ಇಳಿದು ಬಂದು, ಹ್ಯಾಂಡಲಿಗೆ ಒಂದು ಮೊಳ ಸೇವಂತಿಗೆ ಸುತ್ತಿದ. ಒಳ್ಳೆಯ ಮನಸ್ಸಿನಿಂದಲೇ ಸುತ್ತಿದ. ಅವನ ಹಿಂದಿನವನು ಕುಂಕುಮ ಇಟ್ಟ. ಅವನ ಹಿಂದೆ ಬಂದವನು ನಿಂಬೆಹಣ್ಣು ಕಟ್ಟಿದ. ಮೂರು ತಿಂಗಳಲ್ಲಿ ಕೆಳಗೆ ಕಟ್ಟೆ ಬಂತು, ಮೇಲೆ ತಗಡಿನ ಸೂರು ಬಂತು. ಸೈಕಲಮ್ಮ ಎಂದು ಹೆಸರೂ ಬಂತು. ಗಂಟೆ ಬೇರೆ ತರಬೇಕಾಗಲಿಲ್ಲ, ಸೈಕಲ್ಲಿನ ಬೆಲ್ಲೇ ಇತ್ತು. ಲಾರಿಯವರು ಇಳಿದು, ಎರಡು ಸಲ ಬೆಲ್ ಒತ್ತಿ, ಕಣ್ಣು ಮುಚ್ಚಿ ಕೈ ಮುಗಿದು, ಹಣೆಗೆ ಕುಂಕುಮ ಹಚ್ಚಿಕೊಂಡು ಹೊರಡುತ್ತಿದ್ದರು.

ಹೊಲಿಗೆಯವಳಿಗೆ ಎದೆ ತುಂಬಿ ಬಂತು. ಗೊತ್ತಿಲ್ಲದ ಗಂಡಸರು ಚಪ್ಪಲಿ ಬಿಟ್ಟು ತನ್ನ ಮಗಳಿಗೆ ತಲೆ ಬಾಗಿಸುತ್ತಿದ್ದಾರೆ. ಯಾವ ತಾಯಿ ಬೇಡ ಎನ್ನುತ್ತಾಳೆ? ಸೀಟಿಗೆಂದು ಅವಳೇ ಕೆಂಪು ರೇಷ್ಮೆಯ ಕುಪ್ಪಸ ಹೊಲಿದಳು. ಅದಕ್ಕೆ ಜರಿಯ ಅಂಚು. ಆ ಒಂದು ಹೊಲಿಗೆ ಸೊಟ್ಟ ಹೋಗಲಿಲ್ಲ.

ಮೇಷ್ಟ್ರು ಗುಡಿ ಸಮಿತಿಗೂ ಅಧ್ಯಕ್ಷರಾದರು. ಅರ್ಜಿಗೆಂದು ತಂದಿದ್ದ ಹಾಳೆಗಳಲ್ಲಿ ಶುಕ್ರವಾರದ ಪೂಜೆಯ ಸರದಿ ಬರೆದರು. ಕಚೇರಿಯಿಂದ ಒಬ್ಬ ಅಧಿಕಾರಿ ಜಾಗ ನೋಡಲು ಬಂದ. ಬೂಟು ಕಳಚಿ, ನಮಸ್ಕಾರ ಮಾಡಿ, "ಅಮ್ಮನೇ ಕಾಯುತ್ತಿರುವಾಗ ಹಂಪ್ ಯಾಕೆ?" ಎಂದು ಹೊರಟುಹೋದ. ಪ್ರಸಾದ ತೆಗೆದುಕೊಂಡು ಹೋದ. ಅರ್ಜಿ ಬಿಟ್ಟುಹೋದ.

ಒಂದು ಸಂಜೆ ಚಿಕ್ಕ ಮಗಳು ಸೈಕಲ್ ತಳ್ಳಿಕೊಂಡು ಮನೆಗೆ ಬಂದಳು. ಹಿಂದಿನ ಚಕ್ರ ಸೊಟ್ಟಗಾಗಿತ್ತು. ಮೊಣಕೈ ತರಚಿತ್ತು.

"ಎಲ್ಲಿ ಬಿದ್ದೆ?"

"ಬೆಳಿಗ್ಗೆ, ಅಕ್ಕನ ಹತ್ತಿರ."

"ಹೇಗೆ?"

"ಅಲ್ಲಿ ಲಾರಿ ನಿಂತಿತ್ತಮ್ಮ. ದಿನಾ ನಿಂತಿರುತ್ತೆ. ಅಂಚಲ್ಲಿ ಹೋಗೋಕೆ ಜಾಗ ಇರಲ್ಲ. ಸುತ್ತಿಕೊಂಡು ನಡುರಸ್ತೆಗೆ ಹೋದೆ. ಎದುರಿಂದ ಇನ್ನೊಂದು ಬಂತು."

"ನಿಂತಿದ್ದ ಲಾರಿಯವನು ನೋಡಲಿಲ್ವಾ?"

"ಅವರು ಕಣ್ಣು ಮುಚ್ಚಿಕೊಂಡಿದ್ದರು."

ಹೊಲಿಗೆಯವಳು ಆ ಚಕ್ರ ಹಿಡಿದುಕೊಂಡು ರಿಪೇರಿಯವನ ಬಳಿ ಹೋದಳು. ಅವನು ಅದನ್ನು ನೋಡಿ ಗೋಡೆಯ ಕಡೆ ಕೈ ತೋರಿಸಿದ. ಅಲ್ಲಿ ಮೊಳೆಗೆ ಇನ್ನೂ ನಾಲ್ಕು ಸೊಟ್ಟ ರಿಮ್ಮುಗಳು ನೇತಾಡುತ್ತಿದ್ದವು.

"ಎಲ್ಲಾ ತಿರುವಿನವೇ ಅಕ್ಕಾ. ಸೂರು ಹಾಕಿದ ಮೇಲಿನವು."

"ನನಗೆ ಯಾಕೆ ಹೇಳಲಿಲ್ಲ?"

"ನೀನು ರೇಷ್ಮೆ ಹೊಲೀತಿದ್ದೆ. ಹೇಗೆ ಹೇಳಲಿ?"

ಅವಳು ಅಲ್ಲಿಂದ ನೇರ ತಿರುವಿಗೆ ನಡೆದಳು. ಒಬ್ಬ ಚಾಲಕ ಕುಂಕುಮ ಹಚ್ಚಿಕೊಳ್ಳುತ್ತಿದ್ದ. ಮೊದಲು ಸೇವಂತಿಗೆ ಸುತ್ತಿದವನು ಅವನೇ. ಇವಳು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

"ಈ ದೇವರು ಒಳ್ಳೆಯದು ಮಾಡುತ್ತಾ ಅಣ್ಣಾ?" ಎಂದು ಕೇಳಿದಳು.

"ಅಯ್ಯೋ, ಏನು ಕೇಳ್ತೀರ ತಾಯಿ! ಮೊದಲು ಈ ತಿರುವು ಬಂದರೆ ಕೈಕಾಲು ನಡುಗ್ತಿತ್ತು. ಜೀವ ಕೈಲಿ ಹಿಡಕೊಂಡು ಮೆಲ್ಲಗೆ ಇಳಿತಿದ್ದೆ. ಈಗ ಒಂದು ಬೆಲ್ ಒತ್ತಿ ಹೊರಟೆ ಅಂದರೆ ಮುಗೀತು. ಭಯಾನೇ ಇಲ್ಲ."

ಮರುದಿನ ಬೆಳಿಗ್ಗೆ ಶಾಲೆಯ ಹೊತ್ತಿಗೆ ಅವಳು ರಿಪೇರಿಯವನನ್ನು ಕರೆದುಕೊಂಡು ತಿರುವಿಗೆ ಹೋದಳು. ಅವನ ಕೈಯಲ್ಲಿ ಸ್ಪ್ಯಾನರ್ ಮತ್ತು ಪಂಪು. ಅವಳ ಕೈಯಲ್ಲಿ ಬಟ್ಟೆಯ ಕತ್ತರಿ.

ಮೊದಲು ಹಾರಗಳನ್ನು ಕತ್ತರಿಸಿದಳು. ನಿಂಬೆಹಣ್ಣಿನ ದಾರ ಕತ್ತರಿಸಿದಳು. ತಾನೇ ಹೊಲಿದ ರೇಷ್ಮೆಯ ಕುಪ್ಪಸಕ್ಕೆ ಕತ್ತರಿ ಇಟ್ಟಾಗ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ಕತ್ತರಿಸಿದಳು.

ಹಿಂದೆ ನಾಲ್ಕು ಲಾರಿಗಳು ಬಂದು ನಿಂತವು. ಚಾಲಕರು ಇಳಿದರು.

"ಏಯ್, ಏನು ಮಾಡ್ತಿದ್ದೀಯಮ್ಮ? ದೇವರ ಮೈ ಮೇಲಿನ ಬಟ್ಟೆ ಬಿಚ್ಚೋದಾ?"

"ತಲೆ ಸರಿ ಇದೆಯಾ ಇವಳಿಗೆ?"

ಸುದ್ದಿ ತಿಳಿದು ಮೇಷ್ಟ್ರು ಓಡಿ ಬಂದರು. "ಅಮ್ಮಾ, ಅವಸರ ಬೇಡ. ಸಮಿತಿ ಕರೆಯೋಣ. ದೇವರ ವಿಷಯ ಇದು."

"ಮೇಷ್ಟ್ರೇ, ಅರ್ಜಿ ಬರೆದವರು ನೀವು. ಅದರಲ್ಲಿ ಗುಡಿ ಕೇಳಿದ್ದಿರಾ?"

ಮೇಷ್ಟ್ರು ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು.

ಒಬ್ಬ ಚಾಲಕ ಜಾಕಿನ ರಾಡು ಹಿಡಿದು ಹತ್ತಿರ ಬಂದ. ರಿಪೇರಿಯವನ ಸ್ಪ್ಯಾನರ್ ಬೋಲ್ಟಿನ ಮೇಲೆ ನಿಂತುಬಿಟ್ಟಿತು. ದೂರದಲ್ಲಿ ಹುಡುಗಿಯರು ಸೈಕಲ್ ನಿಲ್ಲಿಸಿಕೊಂಡು ನೋಡುತ್ತಿದ್ದರು. ಅವರಲ್ಲಿ ಚಿಕ್ಕ ಮಗಳೂ ಇದ್ದಳು.

"ಅಮ್ಮ ಮುನಿದುಕೊಂಡರೆ ಯಾರು ಹೊಣೆ?" ಎಂದು ರಾಡಿನವನು ಕೂಗಿದ.

"ಜಡೆ ಬಿಗಿಯಾಗಿ ಹೆಣೆದರೆ ಮಾತ್ರ ಅವಳು ಮುನಿದುಕೊಳ್ಳೋದು," ಎಂದಳು ಹೊಲಿಗೆಯವಳು. "ಅವಳ ಹೆಸರು ಸೈಕಲಮ್ಮ ಅಲ್ಲ. ಚಂದ್ರಿಕಾ. ಒಂಬತ್ತನೇ ಕ್ಲಾಸು, ಬಿ ಸೆಕ್ಷನ್. ನಾನು ಅವಳ ತಾಯಿ."

ರಾಡು ಕೆಳಗಿಳಿಯಿತು. ಆದರೆ ಅವನ ಕೈ ಅದನ್ನು ಬಿಡಲಿಲ್ಲ.

"ಬಿಚ್ಚೋ," ಎಂದಳು ರಿಪೇರಿಯವನಿಗೆ.

ಅವನು ಬೋಲ್ಟ್ ಬಿಚ್ಚಿದ. ಎರಡೂ ಚಕ್ರಕ್ಕೆ ಗಾಳಿ ಹಾಕಿದ. ಅಷ್ಟು ಜನರಿದ್ದರೂ ಪಂಪಿನ ಸದ್ದೊಂದೇ ಕೇಳುತ್ತಿತ್ತು.

ಹೊಲಿಗೆಯವಳು ಸೈಕಲ್ಲನ್ನು ರಸ್ತೆಗೆ ಇಳಿಸಿದಳು. ಅವಳಿಗೆ ತುಳಿಯಲು ಬಾರದು. ಇಷ್ಟು ವರ್ಷ ಅವಳ ಕಾಲು ತುಳಿದದ್ದು ಹೊಲಿಗೆ ಯಂತ್ರ. ಅದು ಎಷ್ಟು ತುಳಿದರೂ ಇದ್ದಲ್ಲೇ ಇರುತ್ತದೆ. ಹುಡುಗಿಯರನ್ನು ಕರೆದು ಮುಂದೆ ಬಿಟ್ಟಳು. ತಾನು ಎಲ್ಲರ ಹಿಂದೆ, ಬಿಳಿ ಸೈಕಲ್ ತಳ್ಳಿಕೊಂಡು ನಡೆದಳು. ಅವಳ ಬೆನ್ನಿಗೆ ಲಾರಿಗಳು.

ಮುಂದಿನ ಲಾರಿ ಆ ಸೇವಂತಿಗೆಯವನದು. ಹೊತ್ತಾಗಿತ್ತು. ಇಂಜಿನ್ ಶುರು ಮಾಡಿದ. ಸೂರಿನ ಕೆಳಗೆ ನಿಂತಿದ್ದಾಗ ಯಾವ ಸೈಕಲ್ಲಿಗೆ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದನೋ, ಅದು ರಸ್ತೆಗೆ ಇಳಿದ ಕೂಡಲೇ ಅದಕ್ಕೆ ಹಾರ್ನ್ ಹೊಡೆದ.

ಅವಳು ತಿರುಗಿ ನೋಡಲಿಲ್ಲ.

ಮತ್ತೆ ಹೊಡೆದ. ಇಂಜಿನ್ನಿನ ಬಿಸಿ ಅವಳ ಬೆನ್ನಿಗೆ ತಾಗುತ್ತಿತ್ತು. ಅವಳು ಪಕ್ಕಕ್ಕೆ ಸರಿಯಲಿಲ್ಲ. ಸರಿಯಲು ಕಟ್ಟೆ ಜಾಗ ಬಿಟ್ಟಿರಲಿಲ್ಲ. ಮುಂದೆ ಹುಡುಗಿಯರು ಒಬ್ಬರ ಹಿಂದೊಬ್ಬರು ತಿರುವಿಗೆ ಇಳಿಯುತ್ತಿದ್ದರು.

ಮೂರನೆಯ ಸಲ ಹೊಡೆದು, ಅವನು ಸ್ಟೀರಿಂಗ್ ಬಲಕ್ಕೆ ತಿರುಗಿಸಿದ. ಎಲ್ಲರನ್ನೂ ಒಟ್ಟಿಗೆ ದಾಟಿಬಿಡೋಣ ಎಂದುಕೊಂಡ. ಲಾರಿಯ ಮುಂದಿನ ಚಕ್ರ ನಡುರಸ್ತೆಗೆ ಹೊರಳಿತು.

ಆಗ ಅವಳು ಬೆಲ್ ಒತ್ತಿದಳು. ಎರಡು ಸಲ.

ಆ ಸದ್ದು ಅವನಿಗೆ ಗೊತ್ತಿತ್ತು. ತಿಂಗಳುಗಟ್ಟಲೆ ದಿನವೂ ತಾನೇ ಒತ್ತಿ ಕೇಳಿದ್ದು. ಅವನ ಕಾಲು ಬ್ರೇಕಿನ ಮೇಲೆ ಬಿತ್ತು. ಲಾರಿ ಕಿರುಚಿಕೊಂಡು ನಿಂತಿತು. ಅದೇ ಗಳಿಗೆಯಲ್ಲಿ ತಿರುವಿನಾಚೆಯಿಂದ ಒಂದು ಖಾಲಿ ಲಾರಿ ಮೇಲೆ ಬಂದು, ಅವನು ನುಗ್ಗಬೇಕೆಂದಿದ್ದ ಜಾಗದಲ್ಲೇ ಹಾದುಹೋಯಿತು. ನುಗ್ಗಿದ್ದರೆ ಎರಡೂ ಲಾರಿಗಳು ಹುಡುಗಿಯರ ಪಕ್ಕದಲ್ಲೇ ಸಂಧಿಸುತ್ತಿದ್ದವು.

ಹೊಲಿಗೆಯವಳು ನಡೆಯುತ್ತಲೇ ಇದ್ದಳು. ಶಾಲೆಯ ಗೇಟಿನವರೆಗೂ ಆ ಲಾರಿ ಅವಳ ಹಿಂದೆ ನಡಿಗೆಯ ವೇಗದಲ್ಲಿ ಬಂತು. ಅದರ ಹಿಂದೆ ಮೂರು. ಗೇಟಿನ ಬಳಿ ಅವನು ಇಳಿದು ಕೈ ಮುಗಿಯಲಿಲ್ಲ. ಸ್ಟೀರಿಂಗ್ ಹಿಡಿದೇ ಕೂತಿದ್ದ. ಕೈಗಳು ನಡುಗುತ್ತಿದ್ದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಗುರುಶಾಂತ ತಡೆಯಲಾರದೆ ಕೇಳಿದ. "ಆಮೇಲೆ ಹಂಪ್ ಬಂತೇ?"

"ಇಲ್ಲ. ಕಚೇರಿಯವರು ಇನ್ನೂ ನೋಡುತ್ತಿದ್ದಾರೆ. ಕೂಟದವರು ಕಟ್ಟೆ ಒಡೆದರು. ಮೊದಲ ಕಲ್ಲು ಕಿತ್ತವರು ಮೇಷ್ಟ್ರು. ಅಂಚಿನಲ್ಲಿ ಸುಣ್ಣದ ಗೆರೆ ಎಳೆದವರೂ ಅವರೇ. ಮಳೆಗೆ ಅಳಿಸುತ್ತದೆ, ಮತ್ತೆ ಎಳೆಯುತ್ತಾರೆ. ದಿನವೂ ಬೆಳಿಗ್ಗೆ ಹುಡುಗಿಯರ ಹಿಂದೆ ಯಾರಾದರೊಬ್ಬರು ಆ ಬಿಳಿ ಸೈಕಲ್ ತಳ್ಳಿಕೊಂಡು ಹೋಗುತ್ತಾರೆ. ಒಂದು ದಿನ ಹೊಲಿಗೆಯವಳು, ಒಂದು ದಿನ ಅಂಚೆಯವನು, ಒಂದು ದಿನ ಮೇಷ್ಟ್ರು. ಜಲ್ಲಿ ಲಾರಿಯವರು ಈಗ ಹಾರ್ನ್ ಹೊಡೆಯುವುದಿಲ್ಲ. ಹಿಂದೆ ಬರುತ್ತಾರೆ."

ಗುರುಶಾಂತ ಕಣ್ಣು ಒರೆಸಿಕೊಂಡ. ಎದ್ದು ನಿಂತು ಕೈ ಮುಗಿದ.

"ಎಂಥ ತಾಯಿ! ಆ ತಿರುವು ಎಲ್ಲಿದೆ, ಹೇಳಿ ಗುರುಗಳೇ. ನಾಳೆಯೇ ಹೋಗಿ ಆ ಸೈಕಲ್ಲಿಗೊಂದು ದೊಡ್ಡ ಹಾರ ಹಾಕಿ ಬರುತ್ತೇನೆ."

ಗುರುಗಳು ಅವನನ್ನೇ ನೋಡಿದರು.

"ದಿನವೂ ಅದನ್ನು ದಾಟಿಯೇ ಇಲ್ಲಿಗೆ ಬರುತ್ತೀಯ, ಗುರುಶಾಂತ. ಇವತ್ತು ಬೆಳಿಗ್ಗೆ ಅಲ್ಲಿ ಯಾರಿಗೆ ಹಾರ್ನ್ ಹೊಡೆದೆ?"