ಜೊಂಡಿನ ಗುಂಡಿಗೆ ಗೊಬ್ಬರ

ಕೆರೆಯ ದಂಡೆಯ ಮೇಲೊಂದು ಆಶ್ರಮ. ಅದರ ಮೇಲುಗಡೆ ಪಟ್ಟಣ.

ಮಳೆ ಬಂದರೆ ಬೀದಿಬೀದಿಯ ಸಗಣಿ, ಕೊಳೆತ ಹೂವು, ಹಿತ್ತಲ ಗೊಬ್ಬರವೆಲ್ಲ ತೊಳೆದುಕೊಂಡು ಚರಂಡಿಯ ನೀರು ಕೆರೆಗೇ ಇಳಿಯುತ್ತಿತ್ತು. ಅದನ್ನುಂಡು ಪಾಚಿ ಕೊಬ್ಬಿತು. ಪಾಪ, ಮೀನುಗಳು ಉಸಿರುಗಟ್ಟಿ ಸತ್ತವು.

ಗುರುಗಳು ಕೇರಿಗೊಂದು ಗುಂಡಿ ತೋಡಿಸಿ, ಮರಳು ತುಂಬಿಸಿ, ಜೊಂಡು ನೆಡಿಸಿದರು. ಕೊಳೆಯ ಸಾರವನ್ನು ಜೊಂಡುಹುಲ್ಲು ಹೀರಿ, ನೀರು ಅಲ್ಲಿ ಸೋಸಿಕೊಂಡು ಕೆರೆಗಿಳಿಯಬೇಕು. ಮಳೆಯಾದ ಮೇಲೆ ಎಲ್ಲರೂ ತಮ್ಮ ಗುಂಡಿ ದಾಟಿ ಬಂದ ನೀರನ್ನು ಬಾಟಲಿಯಲ್ಲಿ ತಂದು ಆಶ್ರಮದ ಕಟ್ಟೆಯ ಮೇಲೆ ಸಾಲಾಗಿ ಬಿಸಿಲಿಗಿಡುವುದು ರೂಢಿ. ಕೊಳೆಯ ಸಾರ ಉಳಿದಿದ್ದರೆ ನೀರು ಕ್ರಮೇಣ ಹಸಿರಾಗುತ್ತಿತ್ತು.

ಆಶ್ರಮದ ಗುಂಡಿ ಶಿಷ್ಯ ಮೃಡಯ್ಯನ ಪಾಲಿಗೆ ಬಂದಿತ್ತು. ಅವನ ಉತ್ಸಾಹ ಕೇಳಬೇಕೇ! ಬುಟ್ಟಿಗಟ್ಟಲೆ ಗೊಬ್ಬರ ಸುರಿದು ಜೊಂಡನ್ನು ಆಳೆತ್ತರ ಬೆಳೆಸಿದ್ದ. ಊರೇ ಹೊಗಳಿತ್ತು.

ಆದರೆ ಸಾಲಿನಲ್ಲಿ ಎಲ್ಲಕ್ಕಿಂತ ಹಸಿರಾದದ್ದು ಅವನದೇ ಬಾಟಲಿ.

ಮೃಡಯ್ಯನಿಗೆ ತಲೆಬುಡ ತಿಳಿಯಲಿಲ್ಲ. ಜೊಂಡನ್ನು ನಂಬುವುದೋ, ಬಾಟಲಿಯನ್ನು ನಂಬುವುದೋ? ನಾಚಿಕೆಯಾಗಿ ಬಾಟಲಿಯನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡ.

ಅಷ್ಟರಲ್ಲಿ ಕುಂಬಾರ ಕೇರಿಯ ಗಂಗವ್ವ ಗೊಬ್ಬರದ ಬಂಡಿ ಹೊಡೆದುಕೊಂಡು ಬಂದಳು.

"ನಿಮ್ಮ ಜೊಂಡು ಭಾರೀ ಬೆಳದೈತ್ರಿ. ನಮ್ಮ ಗುಂಡಿಗೂ ಹಾಕ್ತೀವಿ, ಬ್ಯಾರೆ ಕೇರಿಯವರೂ ಹಾಕ್ತಾರಂತ. ಎಷ್ಟು ಹಾಕಬೇಕ್ರಿ?"

ಮೃಡಯ್ಯ ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ.

ಕಟ್ಟೆಯ ತುದಿಯಲ್ಲಿ ಕೂತಿದ್ದ ಗುರುಗಳು ಕೇಳಿದರು: "ಶಾಲಿನ್ಯಾಗ ಏನದು?"

"ಏನಿಲ್ರಿ."

"ಹಂಗಾದ್ರ ಉಳಿದವರ ಬಾಟ್ಲಿನೂ ಎತ್ತಿ ಒಳಗಿಡು."

"ಅವ್ಯಾಕ್ರಿ? ಅವು ತಿಳಿಯಾಗ್ಯಾವಲ್ಲ!"

"ನಿಂದು ಪಕ್ಕಕ್ಕ ಇಲ್ಲಂದ್ರ ಅವು ಬರೇ ನೀರು; ಯಾವ ಗುಂಡಿ ಹೆಂಗಂತ ಯಾರಿಗೆ ತಿಳೀಬೇಕು?"

ಮೃಡಯ್ಯನಿಗೆ ಇನ್ನಷ್ಟು ಗೊಂದಲವಾಯಿತು. ಬಂಡಿಯ ಕಡೆ ನೋಡಿದ. ಅಷ್ಟೂ ಗೊಬ್ಬರ ಗುಂಡಿಗೆ ಬಿದ್ದರೆ ಮುಂದಿನ ಮಳೆಗೆ ಕೆರೆಗಲ್ಲದೆ ಎಲ್ಲಿಗೆ ಹೋದೀತು? ಶಾಲಿನೊಳಗಿಂದ ಬಾಟಲಿಯನ್ನು ತೆಗೆದು ಸಾಲಿನಲ್ಲಿಟ್ಟ.

"ಇದು ನಂದು," ಅಂದ.

ಗಂಗವ್ವ ತನ್ನ ಬಾಟಲಿ ನೋಡಿದಳು, ಅವನದನ್ನು ನೋಡಿದಳು. "ನಿಮ್ಮ ಗುಂಡಿಗೆ ಗೊಬ್ಬರ ಬಿಟ್ಟು ಬ್ಯಾರೇನು ಹಾಕಿದ್ರಿ?"

"ಬರೇ ಗೊಬ್ಬರ."

"ಅಯ್ಯ ಶಿವನೇ! ಇದು ಹೊಲಕ್ಕ ಹೋಗ್ಲಿ ಬಿಡ್ರಿ. ಉಳಿದ ಕೇರಿಯವರಿಗೂ ಹೇಳ್ತೀನಿ," ಎಂದು ಬಂಡಿ ತಿರುಗಿಸಿದಳು.

ಮೃಡಯ್ಯ ಗುರುಗಳ ಕಾಲ ಬಳಿ ಕುಸಿದ. "ಎಲ್ಲಾರಿಗಿಂತ ಹೆಚ್ಚು ದುಡಿದೆ, ಎಲ್ಲಾರಿಗಿಂತ ಹೆಚ್ಚು ಕೆಡಿಸಿದೆ. ನನಗೇನೂ ತಿಳೀವಲ್ದು. ಈ ಗುಂಡಿ ಬ್ಯಾರೆಯವರಿಗೆ ಕೊಟ್ಟುಬಿಡ್ರಿ."

ಗುರುಗಳು ಎದ್ದು, ಹಸಿರು ಬಾಟಲಿಯನ್ನು ಸಾಲಿನ ಮುಂದಕ್ಕೆ ಸರಿಸಿದರು.

"ಇದನ್ನ ನೋಡೇ ಬಂಡಿ ತಿರುಗಿತು, ಗುಂಡಿ ನಿನ್ನ ಹತ್ರನ ಇರ್ಲಿ. ಮುಂದಿನ ಮಳಿಗೂ ನಿಂದನ್ನ ಮೊದಲು ಇಡು."