ಗೋಡೆ ಕಟ್ಟಿದ ರೇಷ್ಮೆಹುಳು

ತಟ್ಟೆಯಲ್ಲಿ ಹಾಸಿದ್ದ ಹಿಪ್ಪುನೇರಳೆ ಎಲೆಯನ್ನು ಮೇಯುತ್ತಾ ರೇಷ್ಮೆಹುಳು ಕೇಳಿತು: “ಎಲೆಯಕ್ಕಾ, ಯಾರನ್ನೂ ತಿನ್ನದೆ ನೀನು ಹೇಗೆ ಬದುಕಿದೆ?”

“ನನ್ನ ಒಂದೊಂದು ಜೀವಕೋಶಕ್ಕೂ ಗೋಡೆಯಿದೆ, ಒಳಗೆ ಹಸಿರಿದೆ. ಬಿಸಿಲು, ನೀರು, ಗಾಳಿ ಸೇರಿ ಅಲ್ಲೇ ಅಡುಗೆಯಾಗುತ್ತದೆ. ನಿನ್ನ ಜೀವಕೋಶಗಳಿಗೆ ಎರಡೂ ಇಲ್ಲ ತಮ್ಮಾ.”

ಹುಳುವಿಗೆ ನಾಚಿಕೆಯಾಯಿತು. “ಹಾಗಾದರೆ ನಾನೂ ಗೋಡೆ ಕಟ್ಟುತ್ತೇನೆ. ಇನ್ನು ಯಾರನ್ನೂ ತಿನ್ನುವುದಿಲ್ಲ.”

“ಅಡುಗೆ ಮಾಡುವುದು ಗೋಡೆಯಲ್ಲ, ತಮ್ಮಾ...” ಎಂದು ಎಲೆ ಹೇಳುವಷ್ಟರಲ್ಲಿ ಹುಳು ಅದರ ಕೊನೆಯ ತುಣುಕನ್ನೂ ನುಂಗಿತ್ತು.

ಆಮೇಲೆ ಅದು ತನ್ನ ಬಾಯಿಯ ನೂಲಿನಿಂದಲೇ ಸುತ್ತಲೂ ಗೋಡೆ ಕಟ್ಟಿಕೊಂಡು, ಕತ್ತಲಲ್ಲಿ ಹಸಿದು ಕಾಯುತ್ತಾ ಕೂತಿತು. ಕೊನೆಗೊಮ್ಮೆ ಗೋಡೆ ಬೆಚ್ಚಗಾಯಿತು.

“ಬಿಸಿಲು ಬಂತು, ಎಲೆಯಕ್ಕಾ!” ಎಂದು ಹಿಗ್ಗಿತು.

ನೂಲು ಬಿಚ್ಚುವವರು ಆಗಷ್ಟೇ ಗೂಡನ್ನು ಕುದಿಯುವ ನೀರಿಗೆ ಹಾಕಿದ್ದರು.